ಗೆರೆಯ ಕೆಳಗಿನ ಮನೆ

ಕೆಳಕೇರಿಯಲ್ಲಿ ಬೆಳಗಿನಿಂದ ಫೋನುಗಳು ಸತ್ತು ಕೂತಿದ್ದವು. ಸೂಲಗಿತ್ತಿ ಡೆಲ್ಫಿನಾ ಪಟ್ಟಣದ ಡಾಕ್ಟರನ್ನು ಕೇಳಬೇಕಾದ ಮಾತು ಬಾಯಲ್ಲೇ ಉಳಿದಿತ್ತು. ಮಾಕ್ಲೋವಿಯಾ ಶಾಲೆಯ ಮಾಡು ಹತ್ತಿ ನೋಡಿದಳು. ಶಾಲೆಯ ಆಂಟೆನಾಕ್ಕೂ ಡೆಲ್ಫಿನಾ ಮನೆಯ ಆಂಟೆನಾಕ್ಕೂ ನಡುವೆ ಫಿಲೊಗೊನಿಯೊನ ಮನೆಯ ತಾರಸಿ ಮೇಲೆ ಹೊಸ ಗೋಡೆ ಎದ್ದಿತ್ತು.

ಆ ತಾರಸಿಯ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿಯದಂತೆ ತುದಿಗೆ ಬಾಟಲಿಗಳ ಟೋಪಿ ಹಾಕಿಕೊಂಡು ಎಷ್ಟೋ ವರ್ಷದಿಂದ ನಿಂತಿದ್ದವು. ಮುಂದೊಂದು ದಿನ ಅಲ್ಲಿ ಮಹಡಿ ಬರುತ್ತದೆಂದು ಊರಿಗೆಲ್ಲ ಗೊತ್ತು. ಊರಸಭೆ ಈ ವರ್ಷ ಸಂಬಳವಿಲ್ಲದ ಸೇವೆಯೆಂದು ಊರಿನ ಫೋನ್ ಜಾಲದ ಕೆಲಸವನ್ನು ಮಾಕ್ಲೋವಿಯಾಗೆ ವಹಿಸಿತ್ತು. ಆಂಟೆನಾಗಳೆಲ್ಲ ಊರವರ ವಂತಿಗೆಯವು. ಯಾವ ಮನೆಯನ್ನು ಯಾವುದಕ್ಕೆ ಜೋಡಿಸಿದರೆ ಕಡಿಮೆಯಲ್ಲಿ ಮುಗಿಯುತ್ತದೆಂದು ನಕ್ಷೆಯ ಮೇಲೆ ತಲೆ ಕೆಡಿಸಿಕೊಂಡು, ಕೊನೆಗೆ ಫಿಲೊಗೊನಿಯೊನ ಮನೆಯ ಮೇಲಿಂದ ನೇರ ಗೆರೆ ಎಳೆದಿದ್ದಳು. ಗುಡ್ಡ ಸುತ್ತುವ ಖರ್ಚು ಉಳಿಯಿತೆಂದು ಹೆಮ್ಮೆಪಟ್ಟಿದ್ದಳು. ನಕ್ಷೆಯಲ್ಲಿ ಸರಳುಗಳಿರಲಿಲ್ಲ.

"ಮಾವ, ನಿಮ್ಮ ಗೋಡೆ ನಮ್ಮ ಸಿಗ್ನಲ್ಲಿಗೆ ಅಡ್ಡ ಬಂದಿದೆ," ಎಂದಳು, ಇಟ್ಟಿಗೆ ಇಡುತ್ತಿದ್ದ ಫಿಲೊಗೊನಿಯೊನ ಬಳಿ ಹೋಗಿ.

"ಗೋಡೆ ನಿಂತಲ್ಲೇ ನಿಂತಿದೆ ಕಣಮ್ಮ. ನಿನ್ನ ಸಿಗ್ನಲ್ಲೇ ಬಂದು ಹಾಯ್ತಿರೋದು."

"ಡೆಲ್ಫಿನಾ ಚಿಕ್ಕಮ್ಮನಿಗೆ ಡಾಕ್ಟರ್ ಸಿಗ್ತಿಲ್ಲ. ನಿಮ್ಮ ತಾರಸಿ ಮೇಲೊಂದು ಕಂಬ ನಿಲ್ಲಿಸಿದ್ರೆ—"

"ಆಂಟೆನಾ ಹಾಕೋ ಮುಂಚೆ ನೀನು ಎಲ್ಲರ ಮನೆಗೂ ಸಿಹಿ ಬ್ರೆಡ್ಡು, ಮೆಸ್ಕಾಲ್ ಸಾರಾಯಿ ಹಿಡ್ಕೊಂಡು ಹೋಗಿ ಅಪ್ಪಣೆ ಕೇಳಿದೆ. ನನ್ನ ಮನೆಗೆ ಬಂದ್ಯಾ?"

"ಆಗ ನಿಮ್ಮ ಮನೆ ಬೇಕಿರಲಿಲ್ಲ. ಮೇಲಿಂದ ಗಾಳೀಲಿ ಹೋಗೋದಲ್ವಾ."

"ನನ್ನ ತಲೆ ಮೇಲಿನ ಗಾಳೀನ ಕೇಳೋರೇ ಇಲ್ಲ ಅನ್ನು."

ಅವನು ಇಟ್ಟಿಗೆಯತ್ತ ತಿರುಗಿಕೊಂಡ. ಮಾಕ್ಲೋವಿಯಾಗೆ ಅಳುವಷ್ಟು ಸಿಟ್ಟು ಬಂತು. ಇವತ್ತೂ ಬರಿಗೈಯಲ್ಲೇ ಬಂದಿದ್ದೇನೆಂದು ಹೊಳೆದಾಗ ಆ ಸಿಟ್ಟು ತನ್ನ ಮೇಲೇ ತಿರುಗಿತು.

ಹಿತ್ತಲಲ್ಲಿ ಅವನ ಹೆಂಡತಿ ಯೂಸ್ಟೋಲಿಯಾ ಕೈಸನ್ನೆ ಮಾಡಿ ಕರೆದಳು. ಕಸೂತಿ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಅವಳ ಕೈಗಿಟ್ಟಳು. ಒಳಗೆ ಆಗಷ್ಟೇ ಬೇಯಿಸಿದ ಬ್ರೆಡ್ಡು, ಅರ್ಧ ಸೀಸೆ ಮೆಸ್ಕಾಲ್.

"ಸುತ್ತು ಹಾಕ್ಕೊಂಡು ಮುಂಬಾಗಿಲಿಂದ ಬಾ. ಮುಖ ತೊಳ್ಕೊ ಮೊದ್ಲು."

ಫಿಲೊಗೊನಿಯೊ ಬುಟ್ಟಿ ನೋಡಿದ, ಅದರ ಮೇಲಿದ್ದ ತನ್ನ ಮನೆಯದೇ ಬಟ್ಟೆಯನ್ನೂ ನೋಡಿದ. ಕುರ್ಚಿ ಎಳೆದು ಹಾಕಿದ. ಅವಳು ಕ್ರಮದಂತೆ ನಿಂತೇ ಅಪ್ಪಣೆ ಕೇಳಿದಳು. ಅವನು ಸಾವಕಾಶವಾಗಿ ಒಂದು ಗುಟುಕು ಕುಡಿದ.

"ಶನಿವಾರ ಹೊಸ ಮಹಡಿಗೆ ತಾರಸಿ ಹಾಕ್ತೀವಿ. ಹಸಿ ಕಾಂಕ್ರೀಟಲ್ಲೇ ಕಂಬ ನಿಲ್ಲಿಸು. ಬಕೆಟ್ ಹೊರೋಕೂ ಬಾ."

"ಶನಿವಾರದ ತನಕ ಡೆಲ್ಫಿನಾ ಚಿಕ್ಕಮ್ಮ?"

"ಅಲ್ಲಿವರೆಗೂ ಡಾಕ್ಟರ ಹತ್ರ ಮಾತಾಡೋಕೆ ಶಾಲೆಗೆ ಬರಲಿ. ನನ್ನ ಕತ್ತೆ ಮೇಲೆ ಕೂರಿಸ್ಕೊಂಡು ಬಾ."

ಶನಿವಾರ ಮಾಕ್ಲೋವಿಯಾ ಸೊಂಟ ಬೀಳುವಷ್ಟು ಬಕೆಟ್ ಹೊತ್ತಳು. ಅವನು ಕಂಬಕ್ಕೆ ಮೊದಲು ತೋರಿಸಿದ ಮೂಲೆಯಿಂದ ಶಾಲೆಯೇ ಕಾಣುತ್ತಿರಲಿಲ್ಲ. ಅದಕ್ಕೂ ಜಗಳವಾಯಿತು. ಶಾಲೆ ಕಾಣುವ ಮೂಲೆಯನ್ನು ಅವನು ನೀರಿನ ಟ್ಯಾಂಕಿಗೆಂದು ಇಟ್ಟುಕೊಂಡಿದ್ದ; ಟ್ಯಾಂಕು ಆಚೆಗಿರಲಿ ಎಂದು ಯೂಸ್ಟೋಲಿಯಾ ಕೆಳಗಿಂದಲೇ ಕೂಗಿದಳು. ಯಾವುದಾದರೂ ಕೆಟ್ಟರೆ ಬೇಕಾದೀತೆಂದು ಕಾದಿಟ್ಟಿದ್ದ ಒಂದೇ ಒಂದು ಆಂಟೆನಾ ಆ ಕಂಬ ಏರಿತು. ಊರಸಭೆಗೆ ಇದರ ಲೆಕ್ಕ ಹೇಗೆ ಒಪ್ಪಿಸುವುದೆಂದು ಗೊಣಗುತ್ತಲೇ ಮಾಕ್ಲೋವಿಯಾ ಅದನ್ನು ಕೆಳಕೇರಿಯತ್ತ ತಿರುಗಿಸಿದಳು. ಕಾಂಕ್ರೀಟು ಗಟ್ಟಿಯಾಗುವವರೆಗೆ ಫಿಲೊಗೊನಿಯೊ ಕಂಬವನ್ನು ತಬ್ಬಿ ಹಿಡಿದು ನಿಂತಿದ್ದ.