ತಲೆ ಎತ್ತಬೇಡಿ

ಕಾರು ಕಲಿಸುವ ಡ್ರೈವಿಂಗ್ ಶಾಲೆಯವನು ಗಾಲ್ಫ್ ಕೋಲನ್ನು ಶವಪೆಟ್ಟಿಗೆಯೊಳಗೆ ಓರೆಯಾಗಿ ತುರುಕಿ, ಮುಚ್ಚಳ ಒತ್ತಿ ನೋಡಿದ. ಕೂರಲಿಲ್ಲ. ಕೋಲಿನ ಮೂತಿ ಸತ್ತ ಗೆಳೆಯನ ಭುಜದ ಪಕ್ಕದಿಂದ ಹೊರಗೆ ಇಣುಕುತ್ತಲೇ ಇತ್ತು.

"ಸ್ವಲ್ಪ ಕತ್ತರಿಸಿದ್ರೆ?" ಎಂದ ಇನ್ನೊಬ್ಬ ಗೆಳೆಯ, ದಂತವೈದ್ಯ.

"ದೂರ ಹೊಡೀಬೇಕು ಅಂತಾನೇ ಉದ್ದದ್ದು ಮಾಡಿಸ್ಕೊಂಡಿದ್ದ. ಕತ್ತರಿಸಿದ್ರೆ ಅವನು ಒಪ್ತಾನಾ?"

"ಈಗ ಅವನನ್ನ ಯಾರು ಕೇಳ್ಬೇಕು?"

ಮೂಲೆಯ ಕುರ್ಚಿಯಲ್ಲಿದ್ದ ಸತ್ತವನ ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಜೀವಮಾನವಿಡೀ ಕನ್ನಡಕದಂಗಡಿಯಲ್ಲಿ ಕೂತು ಊರವರ ಕಣ್ಣಿಗೆ ಬೆಳಕು ಕೊಟ್ಟ ಮನುಷ್ಯ; ಬೆಳಗಿನಿಂದ ಆ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಬರೀ ಗಾಲ್ಫ್. ಶವವಾಹನ ಆಗಲೇ ಬಾಗಿಲಿಗೆ ಬಂದು ನಿಂತಿದೆ. ಮುಚ್ಚಳ ಹಾಕುವ ಮೊದಲು ಗಂಡನ ಜೊತೆ ಒಂದು ಗಳಿಗೆ ತಾನೊಬ್ಬಳೇ ಇರಬೇಕು, ಅವಳು ಕೇಳಿದ್ದು ಅಷ್ಟೇ. ಈ ಇಬ್ಬರು ಮಹಾಶಯರು ಜಾಗ ಬಿಡಬೇಕಲ್ಲ.

"ಸೊಂಟ ಮೊದ್ಲು ತಿರುಗಿಸು ಅಂತ ಬಡ್ಕೊಂಡೆ," ಎಂದು ಡ್ರೈವಿಂಗ್ ಶಾಲೆಯವನು ಛತ್ರಿಯನ್ನೇ ಕೋಲಾಗಿ ಹಿಡಿದು ನಿಂತ. "ಕೇಳಿದ್ರೆ ಒಂದು ಸಲವಾದ್ರೂ ಚೆಂಡು ಗಾಲ್ಫ್ ಮೈದಾನದ ಆ ಕೊಳ ದಾಟ್ತಿತ್ತು."

"ಸೊಂಟ ಅಲ್ಲ ಕಣಯ್ಯ, ಮಣಿಕಟ್ಟು. ಬಿಗಿ ಹಿಡೀತಿದ್ದ."

ಗಾಳಿಯಲ್ಲಿ ಬೀಸಿದ ಛತ್ರಿ ಹೂದಾನಿಗೆ ಬಡಿಯಿತು. ನೀರು ಪೆಟ್ಟಿಗೆಯ ಕೆಳಗೆ ಹರಿಯಿತು. ಮಗಳು ಒರೆಸುವ ಬಟ್ಟೆ ತರಲು ಎದ್ದಳು.

* * *

ಅಂಗಡಿಯನ್ನು ಮಗಳಿಗೆ ವಹಿಸಿದ ಮೇಲೆ ಗಂಡನಿಗೆ ಅಂಟಿದ ಹುಚ್ಚು ಅದು. ಹಿತ್ತಲಲ್ಲಿ ಚೆಂಡು ಹೊಡೆದರೆ ಪಕ್ಕದ ಮನೆಯ ಗಾಜು ಪುಡಿಯಾಗುತ್ತದೆಂದು ಬೆಳಗಾದರೆ ಬರಿಗೋಲು ಬೀಸುತ್ತಿದ್ದ. ಒಲೆಯ ಮೇಲೆ ಹಾಲಿಟ್ಟ ಹೆಂಡತಿ ಎದುರಿಗೆ ನಿಂತು, ಕೈ ಚಾಚಿ, ಅವನ ನೆತ್ತಿಯ ಮೇಲೆ ಅಂಗೈ ಒತ್ತಿ ಹಿಡಿಯಬೇಕು.

"ನಾನು ತಲೆ ಎತ್ತದ ಹಾಗೆ ನೋಡ್ಕೋ. ತಲೆ ಅಲ್ಲಾಡದಿದ್ರೆ ಚೆಂಡು ದೂರ ಹೋಗುತ್ತೆ."

ಬೀಸಿದ. ಅಂಗೈಯನ್ನು ತಳ್ಳಿಕೊಂಡು ತಲೆ ಮೇಲೆದ್ದಿತು. ಕಣ್ಣು ಬೇಲಿಯಾಚೆ.

"ಎತ್ತಿದ್ರಿ."

"ಗೊತ್ತಾಯ್ತು. ಇನ್ನೊಂದ್ಸಲ."

ಮತ್ತೆ ಎತ್ತಿದ. ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು.

"ರೀ, ಅಲ್ಲಿ ಚೆಂಡೇ ಇಲ್ಲ. ಏನನ್ನ ನೋಡ್ತೀರಿ?"

"ಎಷ್ಟು ದೂರ ಹೋಯ್ತು ಅಂತ," ಎಂದ ಅವನು, ನಾಚಿಕೆಯೇ ಇಲ್ಲದೆ.

ಅಂಥವನ ಜೊತೆ ಜಗಳವಾದರೂ ಹೇಗೆ ಆಡುವುದು? ಸೀದ ಪಾತ್ರೆ ಉಜ್ಜುತ್ತಾ ಅವಳು ಶಪಿಸಿದಳು. ಮರುದಿನ ಒಲೆ ಆರಿಸಿಯೇ ಹಿತ್ತಲಿಗೆ ಹೋದಳು.

* * *

"ಸೊಂಟ," ಎಂದ ಡ್ರೈವಿಂಗ್ ಶಾಲೆಯವನು.

"ಮಣಿಕಟ್ಟು."

"ಸಾಕು ಮಾಡ್ತೀರಾ?" ಹೆಂಡತಿ ಎದ್ದುಬಂದು ಕೋಲನ್ನು ಎಳೆದು ದಂತವೈದ್ಯನ ಕೈಗೆ ತುರುಕಿದಳು. "ಇದನ್ನ ಕತ್ತರಿಸೋದು ಬೇಡ, ಹೂಳೋದೂ ಬೇಡ. ತಗೊಂಡು ಹೋಗಿ ನೀವೇ ಆ ಕೊಳ ದಾಟಿಸಿ. ಈಗ ಹೊರಗೆ ನಡೀರಿ, ಇಬ್ರೂ."

"ಅತ್ತಿಗೆ, ನಾವು ಏನೋ..."

"ಹೊರಗೆ."

ಮಗಳೂ ಅವರ ಹಿಂದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಕೊನೆಗೂ ಕೋಣೆ ಖಾಲಿಯಾಯಿತು. ಗಂಡನ ಕೆದರಿದ ಕೂದಲನ್ನು ಸರಿಪಡಿಸಲು ಕೈ ಚಾಚಿದ ಹೆಂಡತಿ, ಅಭ್ಯಾಸಬಲದಿಂದ ನೆತ್ತಿಯ ಮೇಲೆ ಅಂಗೈ ಒತ್ತಿ ಹಿಡಿದಳು.

ಹೊರಗೆ ವಾಹನದವನು ಹಾರ್ನ್ ಮಾಡಿದ. ಅವಳು ಕೈ ತೆಗೆಯಲಿಲ್ಲ. ಆ ತಲೆ ಮೇಲೆದ್ದು ಅಂಗೈಯನ್ನು ತಳ್ಳಲೆಂದು ಕಾಯುತ್ತಾ ನಿಂತಳು.