ಮೂರು ತೂತಿನ ಹೊಲಿಗೆ

"ಕೈಗೆ ಕೊಡಿ ಸ್ವಾಮಿ, ದೂರದಿಂದ ತೋರಿಸಿದ್ರೆ ನನಗೇನು ಗೊತ್ತಾಗುತ್ತೆ?" ಎಂದು ಬೈಂಡಿಂಗ್ ಅಮ್ಮ ಕಟಕಟೆಯಿಂದಲೇ ಎಡಗೈ ಚಾಚಿದಳು. ಬಲಗೈ ಎಂದಿನಂತೆ ಬಟ್ಟೆ ಚೀಲದ ಕೆಳಗೆ ಅಡಗಿತ್ತು. ನ್ಯಾಯಾಧೀಶರು ತಲೆಯಾಡಿಸಿದರು. ಎದುರು ಪಕ್ಷದವರು ಸಾಕ್ಷಿಗೆ ತಂದಿದ್ದ, ಮೂರು ವರ್ಷದ ಬಾಡಿಗೆ ರಸೀದಿ ಪುಸ್ತಕ ಅವಳ ಕೈ ಸೇರಿತು.

ನಾಲ್ಕು ವರ್ಷದ ಹಿಂದೆ ಅವಳು ತನ್ನ ಕಟ್ಟಡವನ್ನು ಎದುರು ಬೆಂಚಿನಲ್ಲಿ ನಗುತ್ತ ಕೂತಿರುವ ಈ ಸಂಭಾವಿತನಿಗೆ ಮಾರಿದ್ದಳು. ಮಹಡಿಯ ಗಡಿಯಾರ ರಿಪೇರಿಯವನು ಖಾಲಿ ಮಾಡಿದ ದಿನ ಬೆಲೆಯ ಕೊನೆಯ ಪಾಲು ಕೊಡಬೇಕು, ಅಲ್ಲಿಯವರೆಗೆ ಕಟ್ಟಡ ಅವಳಿಗೇ ಅಡಮಾನ ಎಂದು ಪತ್ರವಾಗಿತ್ತು. ಗಡಿಯಾರದವನು ಮರುವರ್ಷವೇ ಗಂಟುಮೂಟೆ ಕಟ್ಟಿದ. ಎಲ್ಲಿಗೆ ಹೋದನೋ ತಿಳಿಯದು, ಆದರೆ ಹೋದದ್ದನ್ನು ಇಡೀ ಬೀದಿ ನೋಡಿದೆ. ಸಂಭಾವಿತ ಮಾತ್ರ ಅವನ ಬೋರ್ಡು ಇಳಿಸಲಿಲ್ಲ. ಮಹಡಿಗೆ ಬೀಗ ಜಡಿದು, "ಅವನಿನ್ನೂ ಬಿಟ್ಟಿಲ್ಲ, ತಿಂಗಳು ತಿಂಗಳು ಬಾಡಿಗೆ ಕಳಿಸ್ತಾನೆ. ಶರತ್ತೇ ಪೂರೈಸಿಲ್ಲ ಅಂದ್ಮೇಲೆ ಯಾವ ಬಾಕಿ?" ಎಂದು ಕೂತುಬಿಟ್ಟ. ನಾಚಿಕೆ ಬೇಡವೇ ಮನುಷ್ಯನಿಗೆ! ಆ ಪಾಲು ಬಂದರೆ ಅವಳಿಗೊಂದು ಸ್ವಂತ ಕೋಣೆ. ಇಲ್ಲದಿದ್ದರೆ ತಮ್ಮನ ಅಡುಗೆಮನೆಯ ಮೂಲೆಯಲ್ಲಿ ಅಂಟು ಕಾಯಿಸುತ್ತ, ಅವನ ಹೆಂಡತಿಯ ಗಂಟುಮುಖ ನೋಡುತ್ತ ಇರಬೇಕು. ಇದುವರೆಗೆ ಹನ್ನೊಂದು ವಾಯಿದೆ ಆಗಿತ್ತು.

ಅವಳು ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳಾಡಿಸಿದಳು. ನಡುಹಾಳೆ ಬಿಡಿಸಿ ನೋಡಿದಳು. ಮೂರು ತೂತು. ಗಂಟು ಒಳಗೆ ಅಡಗಿದೆ, ಅವಳ ಅಪ್ಪ ಕಲಿಸಿಕೊಟ್ಟಂತೆ. ತೂತುಗಳನ್ನು ಮತ್ತೊಮ್ಮೆ ಎಣಿಸಿದಳು.

"ಅಮ್ಮಾ, ಏನಾಯ್ತು?" ಎಂದಳು ಅವಳ ವಕೀಲೆ, ಚಿಕ್ಕ ವಯಸ್ಸಿನ ಹುಡುಗಿ.

ಹೇಳಿದರೆ ಗೆಲ್ಲಬಹುದು. ಹೇಳಿದರೆ ಇದೇ ಕೋರ್ಟಿನ ರಿಜಿಸ್ಟರುಗಳನ್ನು ಬೈಂಡ್ ಮಾಡುವ ಕೆಲಸ, ಅವಳಿಗಿರುವ ಒಂದೇ ಖಾಯಂ ಕೆಲಸ, ಕೈ ತಪ್ಪಬಹುದು. ಗುಮಾಸ್ತ ಅಲ್ಲೇ ಕೂತಿದ್ದ. ಅವಳು ಹೊಲಿದ ರಿಜಿಸ್ಟರಿನ ಹಾಳೆಗಳು ಬಿಟ್ಟುಕೊಳ್ಳುತ್ತಿವೆ ಎಂದು ಆಗಲೇ ಎರಡು ಸಲ ಗೊಣಗಿದ್ದ. ಕಾಗದವೇ ಸರಿಯಿಲ್ಲ ಎಂದು ಅವಳು ಸಾಗಹಾಕಿದ್ದಳು.

"ಪಾಪ, ವಯಸ್ಸಾಯ್ತಲ್ಲ, ಮರೆವು. ಬಿಟ್ಬಿಡಿ ಸ್ವಾಮಿ," ಎಂದ ಸಂಭಾವಿತ, ಇನ್ನಿಲ್ಲದ ಕನಿಕರದಿಂದ.

ಅವಳ ಮೈಯೆಲ್ಲ ಉರಿದುಹೋಯಿತು.

"ವಯಸ್ಸಾಗಿರೋದು ನಿಜ ಸ್ವಾಮಿ, ಅದನ್ನೇ ಹೇಳ್ತೀನಿ ಕೇಳಿ. ಈ ಪುಸ್ತಕ ಹೊಲಿದೋಳು ನಾನೇ! ಪೇಟೆ ಅಂಗಡಿಗೆ ಹಾಕ್ತೀನಿ, ಈ ಪುಣ್ಯಾತ್ಮ ಅಲ್ಲಿಂದ ತಂದಿದ್ದಾನೆ. ನಲವತ್ತು ವರ್ಷ ಐದು ತೂತು ಹಾಕಿ ಹೊಲಿದೆ. ಹೋದ ವರ್ಷದಿಂದ ಬಲಗೈ ನಡುಗುತ್ತೆ, ಮೂರಕ್ಕಿಂತ ಹೆಚ್ಚು ಆಗಲ್ಲ. ಇದರಲ್ಲಿ ಮೂರೇ ಇದೆ. ಹೋದ ವರ್ಷ ಹುಟ್ಟಿದ ಪುಸ್ತಕಕ್ಕೆ ಮೂರು ವರ್ಷದ ಹಿಂದಿನ ರಸೀದಿ ಹೇಗೆ ಬಂತು? ಕೇಳಿ ಅವನನ್ನ!"

"ಕಟ್ಟುಕಥೆ!" ಎಂದು ಸಂಭಾವಿತನ ವಕೀಲ ಎದ್ದು ನಿಂತ. "ಇದಕ್ಕೆ ಪುರಾವೆ ಏನು?"

"ಸ್ವಾಮಿಗಳ ಮೇಜಿನ ಮೇಲೇ ಕೋರ್ಟಿನ ರಿಜಿಸ್ಟರುಗಳು ಇವೆಯಲ್ಲ. ಅವೂ ನಾನು ಹೊಲಿದವೇ. ಪ್ರತಿಯೊಂದರ ಮೇಲೂ ವರ್ಷ ಬರೆದಿದೆ."

ನ್ಯಾಯಾಧೀಶರ ಸನ್ನೆಗೆ ಗುಮಾಸ್ತ ಹಳೆಯ ರಿಜಿಸ್ಟರುಗಳನ್ನೂ ತಂದ. ಮೂರು ವರ್ಷದ ಹಿಂದಿನದು, ಅದರ ಮುಂದಿನದು: ಎರಡರಲ್ಲೂ ಐದು ತೂತು. ಹೋದ ವರ್ಷದ್ದರಲ್ಲಿ ಮೂರು. ಅದೇ ದಾರ, ಅದೇ ಒಳಗಂಟು. ಸಂಭಾವಿತನ ನಗು ಎಲ್ಲೋ ಹೋಗಿತ್ತು. ಅವನು ತನ್ನ ವಕೀಲನ ಮುಖ ನೋಡಿದ, ವಕೀಲ ತನ್ನ ಕಾಗದಗಳನ್ನು ನೋಡಿಕೊಂಡ.

ನ್ಯಾಯಾಧೀಶರು ಈ ವರ್ಷದ ರಿಜಿಸ್ಟರನ್ನೂ ಎತ್ತಿಕೊಂಡು ಅಗಲವಾಗಿ ಬಿಡಿಸಿದರು. ನಡುವಿನ ಹಾಳೆಗಳು ಸಡಿಲಗೊಂಡು ಒಂದೊಂದಾಗಿ ನೆಲಕ್ಕೆ ಜಾರಿದವು. ಗುಮಾಸ್ತ ಅವಳನ್ನೇ ನೋಡಿದ.

ಚೀಲವನ್ನು ಕಟಕಟೆಯಲ್ಲೇ ಬಿಟ್ಟು ಅವಳು ಕೆಳಗಿಳಿದಳು. ಬಗ್ಗಿ, ಬಲಗೈಯಿಂದಲೇ ಹಾಳೆಗಳನ್ನು ಆಯ್ದುಕೊಂಡು, ಎಲ್ಲರೆದುರು ಮೇಜಿನಂಚಿಗೆ ತಟ್ಟಿ ತಟ್ಟಿ ಅಂಚು ಸರಿಮಾಡತೊಡಗಿದಳು. ಅವಳ ಕೈಯಲ್ಲಿ ಹಾಳೆಗಳು ಪಟಪಟನೆ ಸದ್ದು ಮಾಡುತ್ತಿದ್ದವು.