ಕೆಮ್ಮುವ ಕೋಗಿಲೆ

"ಕೋಗಿಲೆಗೂ ನೆಗಡಿ ಆಗುತ್ತೇನೋ, ಬೋಳಿಮಗನೆ?"

ಮೇಸ್ತ್ರಿ ಕೋಲಿನಿಂದ ಎಲೆ ಸರಿಸಿ ಪೊದೆಯೊಳಗೆ ಇಣುಕಿದ. ಒಳಗೆ ಹಸಿರು ಬಟ್ಟೆ ಹೊದ್ದು, ಮಂಡಿಗೆ ಗಲ್ಲ ಊರಿ ಕೂತಿದ್ದವನು ಸಿಳ್ಳೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಕರೆಯುವವರಿಲ್ಲದೆ ತುಕ್ಕು ಹಿಡಿದಿತ್ತು.

"ನಿನ್ನೆ ಕುಹೂ ಕುಹೂ ಅಂತಿದ್ದೋನು ಮಧ್ಯದಲ್ಲಿ ಖೊಕ್ ಖೊಕ್ ಅಂದ್ಯಂತೆ. ಮನೆ ನೋಡೋಕೆ ಬಂದೋರು ಬಿದ್ದು ಬಿದ್ದು ನಕ್ರು. ಧಣಿ ನನ್ನ ಮುಖಕ್ಕೆ ಉಗುದ್ರು."

"ಗಂಟ್ಲಿಗೆ ಔಷಧಿ ಇಳಿಯುತ್ತೆ ಅಣ್ಣ. ಬೆಳಗ್ಗೆ ಇದೇ ಗಿಡಕ್ಕೆ ಹೊಡೆಸ್ತೀರಿ, ಆಮೇಲೆ ನನ್ನ ಇದರೊಳಗೇ ತುರುಕ್ತೀರಿ."

"ಕೆಮ್ಮು ಬಂದ್ರೆ ನುಂಗ್ಕೋ. ಬೈಗುಳ ನುಂಗಲ್ವಾ, ಹಾಗೇ."

ಧಣಿ ಇಲ್ಲಿ ಮನೆ ಕಟ್ಟಿ ಮಾರುತ್ತಿದ್ದ. 'ಹಕ್ಕಿಗಳ ದನಿಗೆ ಕಣ್ಣು ತೆರೆಯಿರಿ' ಎಂದು ಗೇಟಿನ ಮೇಲೆ ಆಳೆತ್ತರದ ಬೋರ್ಡು. ಹಿಂದೆ ಇದೆಲ್ಲ ಜೌಗು ನೆಲ: ಜೊಂಡು, ಮುಳ್ಳುಪೊದೆ, ಕಣ್ಣು ಹಾಯುವಷ್ಟು ನೀರು. ಜೌಗಿಗೆ ಮಣ್ಣು ತುಂಬಿದರು, ಪೊದೆ ಬೋಳಿಸಿದರು, ಹಕ್ಕಿಗಳು ಎದ್ದುಹೋದವು. ಹಕ್ಕಿ ಹೋದ ಮೇಲೆ ಹುಳಗಳ ಕಾರುಬಾರು. ಗೋಡೆಯ ಮೇಲೆ ಕಂಬಳಿಹುಳ, ತಟ್ಟೆಯಲ್ಲಿ ನೊಣ, ಕಿವಿಯಲ್ಲಿ ಸೊಳ್ಳೆ. ಔಷಧಿ ಹೊಡೆಸಿದರು. ಕಪ್ಪೆ ಸತ್ತವು, ಜೇಡ ಸತ್ತವು, ಅಳಿದುಳಿದ ಗುಬ್ಬಿಗಳೂ ಸತ್ತವು. ಹುಳ ಮಾತ್ರ ವಾರ ಕಳೆಯುವುದರೊಳಗೆ ನೆಂಟರ ಹಾಗೆ ವಾಪಸು ಬಂದವು. ಮತ್ತೆ ಔಷಧಿ.

ಮೊದಮೊದಲು ಮರಕ್ಕೆ ಸ್ಪೀಕರ್ ಕಟ್ಟಿ ಹಕ್ಕಿ ಕೂಗಿಸುತ್ತಿದ್ದರು. ಒಂದು ದಿನ ಗಿರಾಕಿಗಳು ಮರದ ಕೆಳಗೆ ನಿಂತಿದ್ದಾಗಲೇ ಕೋಗಿಲೆ ಕೂಗು ನಿಲ್ಲಿಸಿ, ಬ್ಯಾಟರಿ ಮುಗಿಯುತ್ತಿದೆ ಎಂದು ಹೆಣ್ಣು ದನಿಯಲ್ಲಿ ಹೇಳಿತು. ಆಮೇಲೆ ಸಿಳ್ಳೆಯನ್ನು ಹುಡುಕಿ ತಂದರು. ಅವನ ಅಪ್ಪ ಹಕ್ಕಿ ಹಿಡಿಯುವವನು; ಕೂಗಿ ಕರೆದರೆ ಹಕ್ಕಿ ತಾನಾಗಿ ಬಲೆಗೆ ಬರುತ್ತಿತ್ತು. ಆ ಕೂಗಿಗಾಗಿ ಅಪ್ಪನನ್ನು ಜೈಲಿಗೆ ಹಾಕಿದ್ದರು. ಮಗನಿಗೆ ಅದೇ ಕೂಗಿಗೆ ಕೆಲಸ ಕೊಟ್ಟರು. ಈಗ ಕೂಗಿದರೆ ಬರುತ್ತಿದ್ದದ್ದು ಗಿರಾಕಿಗಳು.

ಔಷಧಿಯ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಗಿಡಗಿಡಕ್ಕೂ ಹೊಡೆಯುತ್ತಿದ್ದವಳು ಅವನ ಹೆಂಡತಿ. ಹೋದ ಮಳೆಗಾಲದಿಂದ ಅವಳಿಗೆ ಕೆಮ್ಮು ಹಿಡಿದಿತ್ತು. "ಯಾವ ಔಷಧಿ ತಗೋತಿದ್ದೀಯಮ್ಮ?" ಎಂದು ಡಾಕ್ಟರು ಕೇಳಿದರೆ, ಇವಳು ಡಬ್ಬಿಯ ಮೇಲಿನ ಹೆಸರು ಹೇಳಿಬಿಟ್ಟಳು. ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ. ಡಾಕ್ಟರು ನಗಲಿಲ್ಲ. "ಅದನ್ನ ಬಿಟ್ರೆ ಉಸಿರು ಉಳಿಯುತ್ತೆ," ಎಂದರು.

ಸಿಳ್ಳೆ ಧಣಿಯ ಆಫೀಸಿನ ಬಾಗಿಲಲ್ಲಿ ನಿಂತ. ಮೇಜಿನ ಮೇಲೆ ರಟ್ಟಿನ ಪುಟಾಣಿ ಮನೆಗಳು, ಪ್ಲಾಸ್ಟಿಕ್ ಮರಗಳು, ಮರಕ್ಕೊಂದು ಪ್ಲಾಸ್ಟಿಕ್ ಹಕ್ಕಿ. ಧಣಿ ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

"ನನ್ನವಳನ್ನ ಡಬ್ಬಿ ಕೆಲಸದಿಂದ ಬಿಡಿಸಿ ಧಣಿ. ಕಸ ಗುಡಿಸ್ತಾಳೆ, ಕಕ್ಕಸು ತೊಳೀತಾಳೆ. ಡಬ್ಬಿ ಮಾತ್ರ ಬೇಡ."

"ಮತ್ತೆ ಹುಳ ಯಾರು ತಿನ್ನೋದು? ನೀನ್ ತಿಂತೀಯಾ? ಇಲ್ಲಿ ಹಕ್ಕಿ ಅಂತ ಇರೋನು ನೀನೊಬ್ನೇ."

ಗೋಡೆಗೆ ಒರಗಿದ್ದ ಮೇಸ್ತ್ರಿ ಗೊಳ್ಳೆಂದು ನಕ್ಕ.

"ಹಕ್ಕಿ ಇದ್ದಿದ್ರೆ ಔಷಧಿನೇ ಬೇಕಿರ್ಲಿಲ್ಲ," ಎಂದ ಸಿಳ್ಳೆ.

"ಹಕ್ಕಿ ತಿಂದು ಮುಗಿಸ್ದೋರು ಯಾರೋ, ಬೇವರ್ಸಿ? ನಿನ್ನಪ್ಪ. ನಿನ್ನ ಜಾತಿ."

"ನಮ್ಮಪ್ಪ ಹೊಟ್ಟೆಗೆ ಎರಡು ಹಿಡೀತಿದ್ದ ಧಣಿ. ನೀವು ಜೌಗನ್ನೇ..."

ಮೇಸ್ತ್ರಿಯ ಕೈ ಅವನ ಕತ್ತಿನ ಹಿಂದೆ ಬಿತ್ತು. ಧಣಿ ಕೀಲಿಯ ತುದಿಯನ್ನು ನೋಡಿ, ಒರೆಸಿದ. "ಭಾನುವಾರ ದೊಡ್ಡೋರು ಬರ್ತಾರೆ. ಗಂಟಲು ಸರಿಯಾಗಿ ಇಟ್ಕೋ. ಇನ್ನೊಂದ್ಸಲ ಕೆಮ್ಮಿದ್ರೆ ಗಂಡ ಹೆಂಡ್ತಿ ಇಬ್ರೂ ಗೇಟಿಂದ ಆಚೆ."

ಸಂಜೆ ಒಲೆಯ ಮುಂದೆ ಕೂತಿದ್ದ ಹೆಂಡತಿ ಕೇಳಿದಳು. "ಏನಂದ?"

"ಹುಳ ತಿನ್ನು ಅಂದ."

"ತಿನ್ನು ಮತ್ತೆ. ಮನೇಲೂ ಬೇರೇನಿಲ್ಲ."

ನಗಲು ಹೋದವಳಿಗೆ ನಗು ಕೆಮ್ಮಾಯಿತು. ಮುಚ್ಚಿದ ಬಾಗಿಲನ್ನು ಗೆಣ್ಣಿನಿಂದ ಬಡಿದ ಹಾಗೆ ಮೂರು ಒಣ ಬಡಿತ. ಆಮೇಲೆ ಉಸಿರನ್ನು ಒಳಕ್ಕೆ ಎಳೆಯುವಾಗ ಕೊಳಲು ಸೀಳಿದಂಥ ಉದ್ದದ ಸಿಳ್ಳು. ಕೇಳಿದ ದನಿಯನ್ನು ತಿರುಗಿಸಿ ಕೂಗುವುದು ಸಿಳ್ಳೆಯ ಹುಟ್ಟುಗುಣ. ಯೋಚನೆಗೆ ಮುಂಚೆಯೇ ಅವನ ಬಾಯಿಂದ ಅದೇ ಮೂರು ಬಡಿತ, ಅದೇ ಸಿಳ್ಳು ಹೊರಟಿತು.

ಅವಳು ಬೆಚ್ಚಿ ನೋಡಿದಳು. "ಥೂ, ಮುಂಡೇದೆ, ಇದನ್ನೂ ಕಲ್ತ್ಯಾ? ಕಲ್ತ್ಕೋ. ನಾನು ಸತ್ಮೇಲೆ ನೆನಪಿಗೆ ಕೂಗ್ಕೊಂಡಿರು."

ಅವನು ಒಲೆಗೆ ಇನ್ನೊಂದು ಕಡ್ಡಿ ತುರುಕಿದ.

ಭಾನುವಾರ ಹುಲ್ಲಿನ ಮೇಲೆ ಬಿಳಿ ಕುರ್ಚಿಗಳು ಬಂದವು, ಕುರ್ಚಿಗಳ ಮೇಲೆ ದೊಡ್ಡವರು ಕೂತರು. ಧಣಿ ಕೈ ಎತ್ತಿದ. ಸಿಳ್ಳೆ ಕೋಗಿಲೆಯಾದ, ಗಿಳಿಯಾದ, ಬೆಳವಕ್ಕಿಯಾದ. "ಆಹಾ," ಎಂದರು ಗಿರಾಕಿಗಳು. "ಅಲಾರಂ ಎಸೆದ್ಬಿಡಿ," ಎಂದ ಧಣಿ.

ಆಗ ಕಾಂಪೌಂಡಿನ ಮೂಲೆಯಲ್ಲಿ ಡಬ್ಬಿ ಹೊತ್ತು ನಿಂತವಳಿಗೆ ಕೆಮ್ಮು ಬಂತು. ಮೇಸ್ತ್ರಿ ಓಡಿದ. "ಆಚೆ ಹೋಗೇ ಲೌಡಿ. ನುಂಗ್ಕೊಳ್ಳೇ." ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅವಳು ಬಾಯಿಗೆ ತುರುಕಿಕೊಂಡಳು. ಕೆಮ್ಮು ನಿಂತಿತು, ಬೆನ್ನಿನ ಡಬ್ಬಿ ಮಾತ್ರ ಎತ್ತಿ ಎತ್ತಿ ಕುಕ್ಕುತ್ತಿತ್ತು. ಹಾಗೇ ಗೋಡೆಯ ಹಿಂದೆ ಮರೆಯಾದಳು.

ಎಲೆಗಳ ಸಂದಿನಿಂದ ಸಿಳ್ಳೆ ಅಷ್ಟನ್ನೂ ನೋಡಿದ. ಗಂಟಲಲ್ಲಿದ್ದ ಬೆಳವಕ್ಕಿ ಅಲ್ಲೇ ಸತ್ತಿತು.

ಖೊಕ್. ಖೊಕ್. ಖೊಕ್. ಆಮೇಲೆ ಸೀಳಿದ ಸಿಳ್ಳು.

ಕುರ್ಚಿಗಳು ಪೊದೆಯತ್ತ ತಿರುಗಿದವು. "ಇದ್ಯಾವ ಹಕ್ಕಿ?" ಎಂದು ಒಬ್ಬಳು ಕೇಳಿದಳು.

ಧಣಿ ಹಣೆ ಒರೆಸಿಕೊಂಡ. "ಅದು... ಬೇರೆ ಜಾತಿದು ಮೇಡಂ."

ಸಿಳ್ಳೆ ಇನ್ನೂ ಜೋರಾಗಿ ಕೂಗಿದ. ಮೇಸ್ತ್ರಿ ಗಿರಾಕಿಗಳಿಗೆ ಕಾಣದಂತೆ ಹಿಂಬದಿಯಿಂದ ಬಂದು ಪೊದೆಗೆ ಕೋಲು ಬೀಸಿದ. ಒಂದು ಏಟು ಭುಜಕ್ಕೆ, ಒಂದು ಕಿವಿಗೆ. ಕೂಗು ನಿಲ್ಲಲಿಲ್ಲ.

ಗೋಡೆಯ ಆಚೆ ಡಬ್ಬಿ ದೊಪ್ಪೆಂದು ನೆಲಕ್ಕೆ ಬಿತ್ತು. ಆಮೇಲೆ ಅಲ್ಲಿಂದ ಉತ್ತರ ಬಂತು. ಅದೇ ಮೂರು ಬಡಿತ, ಅದೇ ಸಿಳ್ಳು.

"ಶ್, ಸುಮ್ನಿರಿ, ಜೋಡಿ ಇದೆ," ಎಂದು ಆ ಹೆಂಗಸು ಫೋನ್ ಎತ್ತಿ ಹಿಡಿದಳು.

ಸಿಳ್ಳೆ ಹಸಿರು ಬಟ್ಟೆ ಕಿತ್ತೆಸೆದು ಪೊದೆಯ ನಡುವೆ ಎದ್ದು ನಿಂತ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಆ ಫೋನನ್ನೇ ನೋಡುತ್ತ, ಮುಂದಿನ ಕೂಗಿಗೆ ಎದೆ ತುಂಬ ಉಸಿರು ಎಳೆದುಕೊಂಡ.